ಕುಸುಬಿ ಎಣ್ಣೆಗೆ ಹೆಪ್ಪು

ಎಣ್ಣೆಗೆ ಹೆಪ್ಪು ಹಾಕಿದವರನ್ನು ನೀವು ಎಲ್ಲಾದರೂ ನೋಡಿದ್ದೀರೇನು? ಹಾಲಿಗಲ್ಲ, ಎಣ್ಣೆಗೆ. ನೋಡಿಲ್ಲವಾದರೆ ಇಲ್ಲೇ ಕೂತಿದ್ದೇನೆ, ನೋಡಿಕೊಳ್ಳಿ. ಕನ್ನಡಕ ಮೂಗಿನ ತುದಿಗೆ ಬಂದಿದೆ, ಒಂದೇ ಬೆರಳಿನಿಂದ ಫೋನು ಕುಟ್ಟುತ್ತಿದ್ದೇನೆ. ನಾನು ಕುಸುಬಿ ಎಂದು ಒತ್ತಿದರೆ ಈ ಫೋನು ಕುಸುಮ ಎಂದು ತಿದ್ದುತ್ತದೆ. ಯಾರೋ ಕುಸುಮಾಳ ಎಣ್ಣೆ ತೆಗೆದ ಕಥೆ ಎಂದು ತಿಳಿಯಬೇಡಿ. ನಗುವವರು ಈಗಲೇ ನಕ್ಕು ಮುಗಿಸಿ. ಮುಂದಿನದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೊನ್ನೆ ಸೊಸೆ ಪೇಟೆಯಿಂದ ಕುಸುಬಿ ಎಣ್ಣೆಯ ಬಾಟಲಿ ತಂದಳು. ಗಾಣದ ಎಣ್ಣೆ, ಹೃದಯಕ್ಕೆ ಬಹಳ ಒಳ್ಳೆಯದು ಎಂದು ಅದರ ಮೇಲೆ ಬರೆದಿತ್ತು. ಅವಳು ಮುಚ್ಚಳ ತೆಗೆದಳು. ಬಿಸಿ ಹಿಂಡಿಯ ವಾಸನೆ, ಅದರ ಹಿಂದೆಯೇ ಸಣ್ಣಗೆ ಒಂದು ಕಮಟು. ನನಗೆ ಅಡುಗೆಮನೆಯೇ ಕಾಣದಂತಾಯಿತು. ಅಣ್ಣಿಗೇರಿಯಲ್ಲಿ ನಮ್ಮ ಗಾಣದ ಹಿಂದಿದ್ದ ಸಣ್ಣ ಕೋಣೆಯಲ್ಲಿ, ನಮ್ಮ ಮಾತಿನಲ್ಲಿ ಕೋಲಿಯಲ್ಲಿ, ಕೈಯಲ್ಲಿ ಮರದ ಹುಟ್ಟು ಹಿಡಿದು ನಿಂತುಬಿಟ್ಟಿದ್ದೆ. ಬಾಜೂಕೆ ಕೂತು ಬಿಸ್ಕೀಟು ತಿನ್ನುತ್ತಿದ್ದ ಮೊಮ್ಮಗಳು ಅದೇ ಹೊತ್ತಿಗೆ ಪಾಕೀಟಿನ ಮೇಲಿನ ಸಣ್ಣ ಅಕ್ಷರ ಓದಿ, ಈಗ ಕಾರ್ಖಾನೆಗಳಲ್ಲಿ ಎಣ್ಣೆಗೆ ಕಿಣ್ವ ಹಾಕಿ ಅದರ ಗುಣವನ್ನೇ ಬದಲಿಸುತ್ತಾರೆ, ತೆಳ್ಳಗಿದ್ದದ್ದನ್ನು ಗಟ್ಟಿ ಮಾಡುತ್ತಾರೆ, ನಿನಗೆ ಇದೆಲ್ಲ ಗೊತ್ತಿರಲಿಕ್ಕಿಲ್ಲ ಎಂದಳು. ಗೊತ್ತಿರಲಿಕ್ಕಿಲ್ಲವಂತೆ. ಆ ಕಿಣ್ವಕ್ಕೆ ನಾನು ಇಟ್ಟ ತಪ್ಪು ಹೆಸರಿನಿಂದಲೇ ನನ್ನ ಒಂದು ಇಡೀ ಚಳಿಗಾಲ ಹಾಳಾಗಿ ಹೋಯಿತು.

ಎಪ್ಪತ್ನಾಲ್ಕರ ದೀಪಾವಳಿ ಆಗಷ್ಟೇ ಮುಗಿದಿತ್ತು. ನಾನು ಮದುವೆಯಾಗಿ ಬಂದ ಹೊಸತು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ್ದೆ. ಗಂಡ ಅಳ್ನಾವರದಲ್ಲಿ ರೈಲ್ವೆ ನೌಕರಿಯಲ್ಲಿದ್ದರು. ರಜೆಗೆ ಬರುತ್ತಿದ್ದರು, ಉಣ್ಣುತ್ತಿದ್ದರು, ಮಲಗುತ್ತಿದ್ದರು, ಹೋಗುತ್ತಿದ್ದರು. ಈ ಕಥೆಯಲ್ಲಿ ಅವರ ಕೆಲಸ ಇಷ್ಟೇ. ಮನೆಯಲ್ಲಿ ಉಳಿದವರು ಅತ್ತೆ, ಮಾವ, ನಾನು, ಮತ್ತು ಚಂದ್ರಿ ಎಂಬ ಎಮ್ಮೆ. ಇದ್ದಿಲಿನಂಥ ಎಮ್ಮೆಗೆ ಚಂದ್ರಿ ಎಂದು ಹೆಸರಿಟ್ಟವರು ನನ್ನ ಅತ್ತೆ. ಆ ಮನೆಯಲ್ಲಿ ಚಂದ್ರಿಗೆ ಇದ್ದ ಮರ್ಯಾದೆ ನನಗೆ ಬರಲು ಬಹಳ ವರ್ಷ ಹಿಡಿಯಿತು.

ಮಾವನದು ಕರೆಂಟಿನ ಗಾಣ. ಸುತ್ತಲಿನ ಎರೆಹೊಲದ ಕುಸುಬಿಯೆಲ್ಲ ನಮ್ಮಲ್ಲಿಗೇ ಬರುತ್ತಿತ್ತು. ಎಣ್ಣೆ ಸೋಸಿದ ಮೇಲೆ ಪೀಪಾಯಿಯ ತಳದಲ್ಲಿ ಕಪ್ಪನೆಯ ಗಷ್ಟು ನಿಲ್ಲುತ್ತದಲ್ಲ, ಆ ಗಷ್ಟಿನ ಎಣ್ಣೆಯನ್ನು ಯಾರೂ ತಿನ್ನುತ್ತಿರಲಿಲ್ಲ. ಬಂಡಿಯ ಕೀಲಿಗೆ ಹಚ್ಚಲು ಯಾರಾದರೂ ಒಯ್ದರೆ ಒಯ್ದರು, ಇಲ್ಲವಾದರೆ ಚೆಲ್ಲುತ್ತಿದ್ದರು. ಆ ವರ್ಷ ಬಟ್ಟೆ ತೊಳೆಯುವ ಸಾಬೂನು ಅಂಗಡಿಗಳಲ್ಲಿ ಸರಿಯಾಗಿ ಸಿಗುತ್ತಿರಲಿಲ್ಲ. ನಾನು ಒಂದು ದಿನ ಮಾವನಿಗೆ ಚಹಾ ಕೊಡುವಾಗ, ಈ ಗಷ್ಟಿನಿಂದ ಸಾಬೂನು ಮಾಡಬಹುದು, ಗಾಣದ ಹಿಂದಿನ ಖಾಲಿ ಕೋಲಿ ಕೊಟ್ಟರೆ ನಾನೇ ಮಾಡುತ್ತೇನೆ ಎಂದುಬಿಟ್ಟೆ.

ಆ ಕೋಲಿಯ ಮೇಲೆ ಅತ್ತೆಗೂ ಕಣ್ಣಿತ್ತು. ಮಳೆಗಾಲದಲ್ಲಿ ದನದ ಕೊಟ್ಟಿಗೆಯ ಒಂದು ಗೋಡೆ ಬಿದ್ದಿತ್ತು. ಚಂದ್ರಿ ಗಬ್ಬಾಗಿದ್ದಳು. ಅವಳು ಈಯುವ ಹೊತ್ತಿಗೆ ಅವಳನ್ನೂ ಕರುವನ್ನೂ ಆ ಕೋಲಿಯಲ್ಲಿ ಕಟ್ಟಬೇಕೆಂದು ಅತ್ತೆ ಮೊದಲೇ ನಿರ್ಧರಿಸಿ, ಗೂಟ ಹುಗಿಯುವ ಜಾಗಕ್ಕೆ ಸುಣ್ಣದ ಗುರುತೂ ಹಾಕಿಟ್ಟಿದ್ದರು. ಮಾವ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅತ್ತೆಯನ್ನು ನೋಡಿದರು. ಚಹಾ ಮುಗಿಸಿ ತೀರ್ಪು ಕೊಟ್ಟರು.

"ಪೇಟ್ಯಾಗ ಮಾರೂ ಸಾಬೂನು ಗಟ್ಟಿ ಇರ್ತೈತಿ. ಒಗಿಯೂ ಕಲ್ಲಿನ ಮ್ಯಾಲೆ ಇಟ್ರ ಇಟ್ಟಲ್ಲೇ ಇರಬೇಕು. ಹಂಗೊಂದು ಮಾಡಿ ತೋರ್ಸು, ಕೋಲಿ ನಿಂದು. ಎಮ್ಮಿ ಈಯೂದ್ರಾಗ ಆಗಲಿಲ್ಲಂದ್ರ ಎಮ್ಮಿದು."

ನಿಮಗೆ ಇದು ನಗೆಚಾಟಿಕೆ ಎನಿಸಬಹುದು, ಸೊಸೆಗೂ ಎಮ್ಮೆಗೂ ಪಂದ್ಯ. ನನಗೆ ಹಾಗಿರಲಿಲ್ಲ. ಮದುವೆಯಾಗಿ ಬರುವಾಗ ನಾನು ಪುಸ್ತಕಗಳನ್ನೂ ನಾಕಾರು ಗಾಜಿನ ನಳಿಕೆಗಳನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿ ತಂದಿದ್ದೆ. ಬಂದ ಮೇಲೆ ಅವನ್ನು ಬಿಚ್ಚಲು ಒಂದು ಗೇಣು ಜಾಗ ಸಿಕ್ಕಿರಲಿಲ್ಲ. ಅಡುಗೆಮನೆ ಅತ್ತೆಯದು, ಪಡಸಾಲೆ ಮಾವನದು, ಹಿತ್ತಿಲು ಎಮ್ಮೆಯದು. ಈ ಕೋಲಿ ಹೋದರೆ ನಾನು ಓದಿದ್ದೆಲ್ಲ ಟ್ರಂಕಿನೊಳಗೇ ಮುದುಕಾಗುತ್ತದೆ ಎಂದು ನನಗೆ ಚೆನ್ನಾಗಿ ತಿಳಿದಿತ್ತು.

ಆ ಕೋಲಿಯಲ್ಲೇ ಒಲೆ ಹೂಡಿ, ಮೊದಲ ಸಲ ಎಲ್ಲರೂ ಮಾಡುವಂತೆಯೇ ಮಾಡಿದೆ. ಮಾವ ತಮ್ಮ ಪರಿಚಯದವರಿಗೆ ಹೇಳಿ ಹುಬ್ಬಳ್ಳಿಯಿಂದ ಕಾಸ್ಟಿಕ್ ಸೋಡಾ ತರಿಸಿಕೊಟ್ಟರು. ನೀರಿಗೆ ಕರಗಿಸಿ, ಎಣ್ಣೆಗೆ ಬೆರೆಸಿ, ಕಬ್ಬಿಣದ ಕಡಾಯಿಯಲ್ಲಿ ಕುದಿಸಿ, ಮರದ ತಟ್ಟೆಗೆ ಸುರಿದು ಕಾದೆ. ಬೆಳಿಗ್ಗೆ ನೋಡಿದರೆ ಬೆರಳು ಒಳಗೆ ಹೋಗುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೂ ಹೋಗುತ್ತದೆ. ಓಣಿಯ ದ್ಯಾಮವ್ವ ಎಂಬಾಕೆ, ಎಲ್ಲರ ಮನೆಯ ಒಲೆಯ ಮೇಲೆ ಏನಿದೆ ಎಂದು ನೋಡದಿದ್ದರೆ ಊಟ ಸೇರದವಳು, ಬಂದು ತಟ್ಟೆಯೊಳಗೆ ತಾನೂ ಒಂದು ಬೆರಳಿಟ್ಟು, ಇದು ರೊಟ್ಟಿಗೆ ಹಚ್ಚಿಕೊಳ್ಳುವುದೋ ಮೈಗೆ ಹಚ್ಚಿಕೊಳ್ಳುವುದೋ ಎಂದು ಬಹಳ ವಿನಯದಿಂದ ಕೇಳಿದಳು.

ತಪ್ಪು ನನ್ನದಲ್ಲ, ಎಣ್ಣೆಯದು. ಮಾಗಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಕಲ್ಲಾಗುತ್ತದೆ, ಶೇಂಗಾ ಎಣ್ಣೆ ಮಂದವಾಗುತ್ತದೆ. ಕುಸುಬಿ ಎಣ್ಣೆಗೆ ಮಾತ್ರ ಚಳಿಯ ಖಬರೇ ಇಲ್ಲ, ನೀರಿನಂತೆ ಹರಿಯುತ್ತಿರುತ್ತದೆ. ಅಂಥ ಎಣ್ಣೆಯ ಸಾಬೂನೂ ಅಂಥದೇ. ಮತ್ತೊಮ್ಮೆ ಮಾಡೋಣವೆಂದರೆ ಕಾಸ್ಟಿಕ್ ಮುಗಿದಿತ್ತು, ಹುಬ್ಬಳ್ಳಿಯಲ್ಲಿ ಕೇಳಿದರೆ ಇಲ್ಲ ಎಂದು ಹೇಳಿ ಕಳಿಸಿದರು.

ಆಗ ನನಗೆ ಕಾಲೇಜಿನ ಒಂದು ಪಾಠ ನೆನಪಾಯಿತು. ನೈಟ್ರಿಕ್ ಆಮ್ಲದಲ್ಲಿ ತಾಮ್ರದ ಚೂರು ಹಾಕಿದರೆ ಏಳುವ ಕೆಂಪು ಹೊಗೆಯಿಂದ ಕೆಲವು ಎಣ್ಣೆಗಳು ಬೆಂಕಿಯಿಲ್ಲದೆ ಗಟ್ಟಿಯಾಗುತ್ತವೆ. ಬಂಗಾರದ ಕೆಲಸದ ಪತ್ತಾರರ ಹತ್ತಿರ ಆ ಆಮ್ಲ ಇರುತ್ತದೆ, ತೇಜಾಬು ಎನ್ನುತ್ತಾರೆ. ಒಂದು ಸಣ್ಣ ಸೀಸೆಯಲ್ಲಿ ಬೇಡಿ ತಂದೆ. ಒಂದು ಗಾಜಿನ ನಳಿಕೆಗೆ ಶೇಂಗಾ ಎಣ್ಣೆ, ಇನ್ನೊಂದಕ್ಕೆ ಕುಸುಬಿ ಎಣ್ಣೆ ಹಾಕಿ, ಎರಡಕ್ಕೂ ತೇಜಾಬು ತಾಮ್ರ ಹಾಕಿ ಅಲುಗಾಡಿಸಿ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಶೇಂಗಾ ಎಣ್ಣೆ ಮೇಣದಂತೆ ನಿಂತಿತು, ನಳಿಕೆ ತಲೆಕೆಳಗು ಮಾಡಿದರೂ ಬೀಳಲಿಲ್ಲ. ಕುಸುಬಿ ಎಣ್ಣೆ ಕೆಂಪಗೆ ಬಣ್ಣ ಬದಲಿಸಿಕೊಂಡು ಮೊದಲಿನಂತೆಯೇ ತುಳುಕಾಡುತ್ತಿತ್ತು. ಆ ಹೊಗೆಗೆ ಗಾಣದಲ್ಲಿದ್ದವರೆಲ್ಲ ಕೆಮ್ಮುತ್ತ ಹೊರಗೆ ಓಡಿದರು. ಏನಾಯಿತೆಂದು ನೋಡಲು ಬಂದ ಮಾವನ ಬಿಳಿ ಧೋತರದ ಮೇಲೆ ನನ್ನ ಕೈಯಿಂದ ಒಂದು ಹನಿ ಬಿತ್ತು. ಸಂಜೆ ಅವರು ಪಡಸಾಲೆಯಲ್ಲಿ ಕೂತಾಗ ಧೋತರದ ತೂತಿನಲ್ಲಿ ಮೊಣಕಾಲು ಕಾಣುತ್ತಿತ್ತು. ಅವರು ತೂತಿನ ಮೇಲೆ ಅಂಗೈ ಇಟ್ಟುಕೊಂಡರು. ಅತ್ತೆ ಬೈದರು. ಅದನ್ನು ಬರೆಯಲು ಈ ಫೋನಿನಲ್ಲಿ ಅಕ್ಷರಗಳಿಲ್ಲ.

ಕಡೆಗೆ ಧಾರವಾಡಕ್ಕೆ ಹೋಗಿ ನನಗೆ ಪಾಠ ಹೇಳಿದ ಮೇಡಂ ಅವರನ್ನು ಕಂಡೆ. ಅವರು ಪೂರ್ತಿ ಕೇಳಿ ಮೊದಲು ಮನಸಾರೆ ನಕ್ಕರು. ಆಮೇಲೆ ಹೇಳಿದರು, ಕುಸುಬಿಯನ್ನು ನಿಜವಾಗಿ ಗಟ್ಟಿ ಮಾಡಬೇಕಾದರೆ ವನಸ್ಪತಿ ಕಾರ್ಖಾನೆಯವರಂತೆ ನಿಕ್ಕಲ್ ಪುಡಿ ಹಾಕಿ, ಒತ್ತಡ ತಡೆಯುವ ಉಕ್ಕಿನ ಪಾತ್ರೆಯಲ್ಲಿ ಹೈಡ್ರೋಜನ್ ಬಿಡಬೇಕು, ನಿನ್ನ ಕೋಲಿಯಲ್ಲಿ ಅದನ್ನು ಮಾಡಿದರೆ ಕೋಲಿಯೇ ಹಾರಿಹೋಗುತ್ತದೆ. ಆದರೆ ಇನ್ನೊಂದು ದಾರಿ ಇದೆ. ಔಡಲ ಬೀಜದ, ಅಂದರೆ ಹರಳೆಣ್ಣೆ ತೆಗೆಯುವ ಬೀಜದ, ಸಿಪ್ಪೆ ಸುಲಿದು ನೀರಿನಲ್ಲಿ ನುಣ್ಣಗೆ ಅರೆದರೆ ಬರುವ ಹಾಲಿನಲ್ಲಿ ಒಂದು ಎಂಜೈಮು ಇರುತ್ತದೆ. ಬೀಜ ಮೊಳೆಯುವಾಗ ತನ್ನೊಳಗಿನ ಎಣ್ಣೆಯನ್ನು ಒಡೆದು ತಿನ್ನಲಿಕ್ಕೆಂದು ಇಟ್ಟುಕೊಂಡದ್ದು ಅದು. ಆ ಹಾಲನ್ನು ಕುಸುಬಿ ಎಣ್ಣೆಗೆ ಹಾಕಿ, ತುಸು ನಿಂಬೆಹುಳಿ ಹಿಂಡಿ, ಉಗುರುಬೆಚ್ಚಗೆ ಇಟ್ಟು ಬಿಡದೆ ಕಲಕಿದರೆ ಕುಸುಬಿ ಎಣ್ಣೆಯೂ ಒಡೆಯುತ್ತದೆ. ಗ್ಲಿಸರಿನ್ನು ಕೆಳಗೆ ನೀರಿಗೆ ಸೇರುತ್ತದೆ, ಎಣ್ಣೆಯ ಆಮ್ಲ ಮೇಲೆ ತೇಲುತ್ತದೆ. ಅದನ್ನು ಚಳಿಯಲ್ಲಿಟ್ಟರೆ ಗಟ್ಟಿಯಾಗುವ ಪಾಲು ಹರಳುಗಟ್ಟುತ್ತದೆ. ಬಟ್ಟೆಯಲ್ಲಿ ಹಿಂಡಿದರೆ ತೆಳ್ಳಗಿನದು ಸೋರಿಹೋಗಿ ಗಟ್ಟಿಯದು ಉಳಿಯುತ್ತದೆ. ಉಳಿಯುವುದು ಸ್ವಲ್ಪ, ಆದರೆ ಅದಕ್ಕೆ ಕಾಸ್ಟಿಕ್ ಬೇಕಾಗಿಲ್ಲ, ಬಟ್ಟೆಸೋಡಾ ಸಾಕು. "ಚಳಿ ಹೋಗೂದ್ರಾಗ ಮಾಡು ನೀಲಾ" ಎಂದು ಬಾಗಿಲವರೆಗೆ ಬಂದು ಇನ್ನೊಮ್ಮೆ ಹೇಳಿದರು. "ಚಳಿ ಹೋತಂದ್ರ ಆ ಎಣ್ಣಿ ನಿನ್ನ ಮಾತು ಕೇಳೂದಿಲ್ಲ."

ಔಡಲ ನಮ್ಮ ಹಿತ್ತಿಲಿನಲ್ಲೇ ಬೆಳೆದಿತ್ತು. ಅದರ ಹಿಂಡಿ ದನದ ಬಾಯಿಗೆ ಬಿದ್ದರೆ ವಿಷ ಎಂದು ಊರಿಗೆಲ್ಲ ಗೊತ್ತು. ಅದಕ್ಕೆ ಬೇರೆ ಕಲ್ಲು, ಬೇರೆ ಗಡಿಗೆ ಇಟ್ಟುಕೊಂಡು ಅರೆಯತೊಡಗಿದೆ. ಅತ್ತೆ ಬಾಗಿಲಲ್ಲಿ ನಿಂತು ಅದೇನು ಹಾಕುತ್ತಿದ್ದೀ ಎಂದು ಕೇಳಿದರು. ನಾನು ಎಂಜೈಮು ಎಂದೆ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಎಂಜಲಾ? ಗಾಣದ ಎಣ್ಣಿಗೆ ಎಂಜಲ ಹಾಕಾಕತ್ತೀಯೇನ ತಂಗಿ?"

ಎಂಜಲಲ್ಲ, ಎಂಜೈಮು ಎಂದು ಬಿಡಿಸಿ ಹೇಳಿದೆ. ಎಷ್ಟು ಬಿಡಿಸಿದರೂ ಅವರ ಕಿವಿಗೆ ಅದು ಎಂಜಲಾಗಿಯೇ ಬೀಳುತ್ತಿತ್ತು. ಗಾಣದಲ್ಲಿ ಎಂಜಲು ಎಂಬ ಮಾತು ಓಣಿಗೆ ತಿಳಿದರೆ ನಾಳೆ ನಮ್ಮ ಎಣ್ಣೆ ಯಾರೂ ಒಯ್ಯುವುದಿಲ್ಲ. ಕಿಣ್ವ ಎಂಬ ಶಬ್ದ ನನಗೆ ಆಗ ಗೊತ್ತಿರಲಿಲ್ಲ, ಗೊತ್ತಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ, ಇದು ಹೆಪ್ಪು ಇದ್ದಂತೆ, ಹಾಲಿಗೆ ಹಾಕುವುದಿಲ್ಲವೇ, ಇದು ಎಣ್ಣೆಗೆ ಹಾಕುವುದು. ಅತ್ತೆಯ ಮುಖ ತಿಳಿಯಾಯಿತು. ಹೆಪ್ಪು ಅವರಿಗೆ ಗೊತ್ತಿರುವ ವಿಷಯ. ಅವರ ಹೆಪ್ಪಿನ ಮೊಸರನ್ನು ಚಾಕುವಿನಿಂದ ಕೊಯ್ಯಬಹುದಿತ್ತು. ಎಷ್ಟು ಚಂದದ ಶಬ್ದ ಹುಡುಕಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಮೊರಬದಲ್ಲಿ ನನ್ನ ಚಿಕ್ಕಪ್ಪನ ಮಗಳ ಕುಬುಸ, ಅಂದರೆ ಸೀಮಂತ. ಹೋಗದಿದ್ದರೆ ತವರಿನವರು ಸುಮ್ಮನೆ ಬಿಡುವವರಲ್ಲ. ಎಣ್ಣೆ ಔಡಲಹಾಲು ಬೆರೆಸಿ, ಬೆಚ್ಚಗಿನ ಮೂಲೆಯಲ್ಲಿಟ್ಟು, ಸ್ವಲ್ಪ ನೋಡಿಕೊಳ್ಳಿರಿ, ಆಗಾಗ ಕೈಯಾಡಿಸುತ್ತಿರಿ ಎಂದು ಅತ್ತೆಗೆ ಹೇಳಿದೆ. ಅತ್ತೆ ತಲೆಯಾಡಿಸಿದರು. ನಾನು ನಂಬಿ ಬಸ್ಸು ಹತ್ತಿದೆ.

ತಿರುಗಿ ಬರುವಾಗ ಓಣಿಯ ತುದಿಯಲ್ಲೇ ಏನೋ ಕೊರತೆ ಎನಿಸಿತು. ನಮ್ಮ ಗಾಣದ ಸದ್ದಿಲ್ಲ. ಕುಸುಬಿ ಚೀಲ ಹೇರಿದ ಬಂಡಿಗಳು ಬಾಗಿಲಲ್ಲಿ ನಿಂತಿವೆ. ಮಾವ ಕಟ್ಟೆಯ ಮೇಲೆ ಮುಖ ಗಂಟು ಹಾಕಿಕೊಂಡು ಕೂತಿದ್ದಾರೆ. ಒಳಗೆ ಓಡಿದೆ. ಕೋಲಿಯ ಬಾಗಿಲಿಗೆ ಅಡ್ಡಲಾಗಿ ಅತ್ತೆ ಚಾಪೆ ಹಾಸಿ ಕೂತಿದ್ದರು. ಒಳಗೆ ನನ್ನ ಗಡಿಗೆಗೆ ಕಂಬಳಿ ಸುತ್ತಿ, ಮೇಲೆ ತಟ್ಟೆ ಮುಚ್ಚಿ, ತಟ್ಟೆಗೆ ವಿಭೂತಿ ಹಚ್ಚಿಟ್ಟಿದ್ದರು. ನನ್ನನ್ನು ನೋಡಿ ಬೆರಳು ತುಟಿಗಿಟ್ಟು ಪಿಸುಗುಟ್ಟಿದರು.

"ಸಾವಕಾಶ ಬಾ. ಮುಂಜಾನಿಂದ ಒಂದ ಕೂದಲಿನಷ್ಟೂ ಅಲುಗ್ಯಾಡಿಲ್ಲ. ಗಾಣ ತಿರುಗಿದ್ರ ಗ್ವಾಡಿ ನಡುಗ್ತೈತಿ ಅಂತ ನಿಮ್ಮ ಮಾವಗ ಗಾಣಾನೂ ಬಂದ್ ಮಾಡ್ಸೀನಿ."

ತಟ್ಟೆ ತೆಗೆದೆ. ಎಣ್ಣೆ ಮೇಲೆ, ನೀರು ಕೆಳಗೆ, ನಡುವೆ ಗೆರೆ ಎಳೆದಂತೆ. ಮೇಡಂ ಹೇಳಿದ ಕೆಲಸವಾಗಬೇಕಾದರೆ ಅವೆರಡೂ ಒಂದರೊಳಗೊಂದು ಸೇರಿ ಮಜ್ಜಿಗೆಯಂತೆ ಇರಬೇಕು. ಎಂಜೈಮಿನ ಕೆಲಸವೆಲ್ಲ ನೀರೂ ಎಣ್ಣೆಯೂ ಮುಟ್ಟುವ ಅಂಚಿನಲ್ಲಿ. ಆ ಅಂಚು ಹೆಚ್ಚಿದಷ್ಟೂ ಅದಕ್ಕೆ ಊಟ. ಅತ್ತೆ ಅದನ್ನು ದಿನವೆಲ್ಲ ಉಪವಾಸ ಕೂಡಿಸಿದ್ದರು. ಕೈಯಾಡಿಸಲು ಹೇಳಿದ್ದೆನಲ್ಲ ಎಂದು ಕೇಳಿದೆ. ಮ್ಯಾಲೆ ಆಡಿಸೀನಲ್ಲ ಎಂದು ಗಡಿಗೆಯ ಹೊರಗೆ ಕಂಬಳಿಯ ಮೇಲೆ ಮೆತ್ತಗೆ ಕೈಯಾಡಿಸಿ ತೋರಿಸಿದರು, ಕೂಸಿನ ಬೆನ್ನು ಸವರುವಂತೆ. ಹೆಪ್ಪು ಹಾಕಿದ್ದನ್ನು ಕಲಕುವ ಹೆಂಗಸು ಲೋಕದಲ್ಲಿ ಇರಬಹುದು ಎಂಬುದು ಅವರ ಕನಸಿಗೂ ಬಂದಿರಲಿಲ್ಲ.

ಸಿಟ್ಟು ಯಾರ ಮೇಲೆ ಮಾಡಿಕೊಳ್ಳಲಿ ಹೇಳಿ. ಗಾಣ ನಿಲ್ಲಿಸಿ ಕಾವಲು ಕೂತವರ ಮೇಲೆ ಮಾಡಿಕೊಳ್ಳಲು ಬರುವುದಿಲ್ಲ. ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ನೆವದಲ್ಲಿ ಒಂದು ಸೀರೆಯನ್ನು ಕಲ್ಲಿಗೆ ಬಡಿದೆ ಬಡಿದೆ, ಅಂಚು ಕಿತ್ತು ಬರುವವರೆಗೆ.

ಮತ್ತೆ ಔಡಲ ಸುಲಿದೆ, ಮತ್ತೆ ಅರೆದೆ. ಈ ಸಲ ನಾನೇ ಹುಟ್ಟು ಹಿಡಿದು ಕೂತೆ. ಅಷ್ಟರಲ್ಲಿ ಎಣ್ಣೆಗೆ ಹೆಪ್ಪು ಹಾಕಿದ ಸುದ್ದಿ ಓಣಿ ತುಂಬ ಹರಡಿ ದ್ಯಾಮವ್ವ ನಾಕು ಮಂದಿಯನ್ನು ಕರೆದುಕೊಂಡು ನೋಡಲು ಬಂದಳು. ನಾನು ಕಲಕುವುದನ್ನು ಕಂಡು ಅವರೆಲ್ಲ, ಹಸುಗೂಸಿನ ತೊಟ್ಟಿಲನ್ನು ಒದ್ದವಳನ್ನು ನೋಡುವಂತೆ ನೋಡಿದರು. ಹೆಪ್ಪು ಕಲಕಿದರೆ ಮನೆ ಒಡೆಯುತ್ತದೆ ಎಂದು ಒಬ್ಬಳೆಂದಳು. ನನಗೆ ಬೇಕಾದದ್ದೂ ಒಡೆಯುವುದೇ ಎಂದು ನಾನಂದೆ. ಅದು ಇನ್ನೂ ದೊಡ್ಡ ಅನಾಹುತವಾಯಿತು. ಮನೆ ಒಡೆಯುವುದೇ ಬೇಕಂತೆ ಸೊಸೆಗೆ ಎಂಬ ಮಾತು ಸಂಜೆಯೊಳಗೆ ಬಸ್ ಸ್ಟ್ಯಾಂಡಿನವರೆಗೆ ಹೋಗಿತ್ತು.

ಅದೇ ವಾರ ಚಳಿ ಹೆಚ್ಚಾಗಿ ಅಡುಗೆಮನೆಯಲ್ಲಿ ಅತ್ತೆಯ ಮೊಸರು ನಿಲ್ಲಲಿಲ್ಲ. ಅವರು ನನ್ನ ಕೋಲಿಯ ಕಡೆ ಬೊಟ್ಟು ಮಾಡಿದರು. "ಒಂದು ಹೆಪ್ಪು ಕಲಕಿದ್ರ ಇನ್ನೊಂದು ಹೆಪ್ಪು ಮುನಿಸ್ಕೋತೈತಿ" ಎಂದರು. ನನ್ನ ಗಡಿಗೆಯ ಗತಿಯೂ ಅದೇ. ಚಳಿಗೆ ಎಂಜೈಮು ಮುದುರಿ ಮಲಗಿತ್ತು. ಬೆಂಕಿಯ ಹತ್ತಿರ ಸರಿಸಿದರೆ ಬಿಸಿ ಹೆಚ್ಚಾಗಿ ಸಾಯುತ್ತಿತ್ತು. ರೊಟ್ಟಿ ಬಡಿಯಲು ಎದ್ದು ಹೋದರೆ ಬರುವಷ್ಟರಲ್ಲಿ ಎಣ್ಣೆ ನೀರು ಬೇರೆ ಬೇರೆ. ಒಬ್ಬರೂ ಹುಟ್ಟು ಮುಟ್ಟಲು ಒಪ್ಪುತ್ತಿರಲಿಲ್ಲ. ಹೀಗೆ ಮಾಡುತ್ತ ಕೆಡಿಸುತ್ತ, ಕೆಡಿಸುತ್ತ ಮಾಡುತ್ತ ಸಂಕ್ರಾಂತಿ ಹೋಯಿತು. ಹೊಲದಲ್ಲಿ ಕುಸುಬಿ ಹೂವೆಲ್ಲ ಒಣಗಿ ಮುಳ್ಳಾಯಿತು. ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ಕೊಯ್ಲಿಗೆ ಹೋಗುವ ಆಳುಗಳು ನಮ್ಮ ಬಾಗಿಲ ಮುಂದೆ ಹಾಯುವಾಗ, ಅಕ್ಕಾರ ಹೆಪ್ಪು ನಿಂತಿತೇನ್ರಿ ಎಂದು ಕೇಳಿ ಹೋಗುತ್ತಿದ್ದರು. ಚಂದ್ರಿಯ ಹೊಟ್ಟೆ ದಿನದಿನಕ್ಕೆ ಇಳಿಯುತ್ತಿತ್ತು. ನೀರು ಕುಡಿಯಲು ಬಂದಾಗಲೆಲ್ಲ ಅವಳು ಕೋಲಿಯೊಳಗೆ ಒಮ್ಮೆ ಕತ್ತು ಹಾಕಿ ನೋಡುತ್ತಿದ್ದಳು, ಬಾಡಿಗೆಗೆ ಮನೆ ನೋಡಲು ಬಂದವರಂತೆ.

ಶಿವರಾತ್ರಿ ಮುಗಿದ ಮೇಲೆ ಒಂದು ಮುಂಜಾನೆ ನಾನು ಸೋತು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದೆ. ಒಳಗೆ ಅತ್ತೆ ಮಜ್ಜಿಗೆ ಕಡೆಯುತ್ತಿದ್ದರು. ಕಂಬಕ್ಕೆ ಕಡಗೋಲು ಕಟ್ಟಿ, ಹಗ್ಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುತ್ತಿದ್ದರು. ಕೈ ನೋಯುತ್ತದೆ ಎಂದವರಲ್ಲ, ಬೇಸರವಾಯಿತು ಎಂದವರಲ್ಲ. ದ್ಯಾಮವ್ವ ಬೆಂಕಿ ಕೇಳಲು ಬಂದವಳು ಹಗ್ಗ ಕಂಡೊಡನೆ ತಾನೂ ಕೂತು ಒಂದಿಷ್ಟು ಎಳೆದುಹೋದಳು. ಕಡೆಯುವ ಹಗ್ಗ ಕಂಡರೆ ಕೈ ಹಾಕದೆ ಹೋಗುವ ಹೆಂಗಸು ನಮ್ಮ ಓಣಿಯಲ್ಲೇ ಇರಲಿಲ್ಲ.

ನನ್ನ ತಲೆಗೆ ಯಾರೋ ಮೊಟಕಿದಂತಾಯಿತು. ನಾನು ಎದ್ದು ಹೋಗಿ ಅತ್ತೆಗೆ ಹೇಳಿದೆ, ಹೆಪ್ಪಿನ ಕೆಲಸ ಮುಗಿಯಿತು, ಇನ್ನು ಎಣ್ಣೆಯನ್ನು ಕಡೆಯಬೇಕು.

"ಹಂಗಂತ ಮದ್ಲ ಹೇಳಬಾರ್ದೇನಬೇ" ಎಂದರು ಅತ್ತೆ. "ಕಡಿಯೂದಂದ್ರ ಕಡಿಯೂಣು."

ಎರಡು ತಿಂಗಳು ನನ್ನನ್ನು ಕಣ್ಣೀರಿಗೆ ತಂದ ಕೆಲಸ ಒಂದು ಕ್ರಿಯಾಪದದಿಂದ ಸಾಗಿತು. ಅತ್ತೆ ಅಡುಗೆಗೆ ಬಾರದ ಒಂದು ಸೀಳು ಕಡಗೋಲು ಹುಡುಕಿ ತಂದು ಕೋಲಿಯ ಕಂಬಕ್ಕೆ ತಾವೇ ಬಿಗಿದರು. ಬಿಸಿಲು ಏರಿದ್ದರಿಂದ ಗಡಿಗೆ ತಾನಾಗಿ ಉಗುರುಬೆಚ್ಚಗಾಗಿತ್ತು. ಓಣಿಯ ಹೆಂಗಸರು ಪಾಳಿ ಹಚ್ಚಿ ಎಳೆದರು. ಅವರ ಮಾತು ಎಣ್ಣೆಯ ಸುದ್ದಿ ಬಿಟ್ಟು ಎಲ್ಲೆಲ್ಲಿಗೋ ಹೋಯಿತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಗಂಡ ಗದಗಿಗೆ ಯಾಕೆ ಪದೇ ಪದೇ ಹೋಗುತ್ತಾನೆ, ಎಲ್ಲ ಆ ಗಡಿಗೆಯಲ್ಲಿ ನೊರೆಯೆದ್ದವು. ಮನೆ ಒಡೆಯುತ್ತದೆ ಎಂದವಳೇ ಎಲ್ಲರಿಗಿಂತ ಹೆಚ್ಚು ಎಳೆದಳು. ಮರುದಿನ ಕಡಗೋಲು ನಿಲ್ಲಿಸಿ, ಬಿಸಿನೀರು ಉಪ್ಪು ಹಾಕಿ ಬಿಟ್ಟಾಗ ಕೆಳಗೆ ನೀರು ಇಳಿದು, ಮೇಲೆ ಕಂದುಬಣ್ಣದ್ದು ತೇಲಿ ಬಂತು. ನಳಿಕೆಯಲ್ಲಿ ತೆಗೆದು ಒಂದು ಹನಿ ಸೋಡಾನೀರು ಬಿಟ್ಟು ನೋಡಿದೆ. ನೊರೆಗಟ್ಟಿತು. ಎಣ್ಣೆ ಒಡೆದಿತ್ತು. ನಿಜವಾಗಿ ಒಡೆದಿತ್ತು. ಅತ್ತೆ ಇಣುಕಿ, ಬೆಣ್ಣೆ ಬಂತು ಎಂದರು. ನಾನು ತಿದ್ದಲಿಲ್ಲ. ಶಬ್ದಗಳ ತಂಟೆಗೆ ಹೋಗುವುದನ್ನು ಬಿಟ್ಟಿದ್ದೆ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನಾನು ಇಂದು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಇನ್ನು ಅದನ್ನು ಚಳಿಯಲ್ಲಿಟ್ಟು ಗಟ್ಟಿ ಪಾಲು ಹಿಂಡಿ ತೆಗೆಯಬೇಕಿತ್ತು. ಚಳಿ ಎಲ್ಲಿದೆ? ಶಿವರಾತ್ರಿಗೆ ಶಿವಶಿವಾ ಎಂದು ಹೋಗಿಯಾಗಿತ್ತು. ಹೆಪ್ಪು, ಹೆಪ್ಪು ಎಂದು ಗಡಿಗೆಗೆ ಕಂಬಳಿ ಹೊದಿಸಿ ಕೂತಾಗ ಹೊರಗೆ ಹಲ್ಲು ಕಟಕಟಿಸುವ ಚಳಿ ಸುಮ್ಮನೆ ದಂಡವಾಗಿತ್ತು. ಈಗ ಕಡೆಯುವುದು ಎಂಬ ಶಬ್ದ ಸಿಕ್ಕಿತ್ತು, ಹೊರಗೆ ಎರೆಹೊಲ ಬಾಯಿ ಬಿಡುವ ಬಿಸಿಲು. ಬಾವಿಯೊಳಗೆ ಇಳಿಬಿಟ್ಟೆ, ಒದ್ದೆ ಗೋಣಿಚೀಲ ಸುತ್ತಿದೆ, ಬೆಳಗಿನ ಗಾಳಿಗೆ ಇಟ್ಟೆ. ಬಟ್ಟೆಗೆ ಹಾಕಿ ಹಿಂಡಿದರೆ ಗಟ್ಟಿ ತೆಳ್ಳಗೆ ಎಲ್ಲ ಕೂಡಿಯೇ ಸೋರಿ ಕೆಳಗೆ ಬಂತು. ಬಟ್ಟೆಯಲ್ಲಿ ಉಳಿದದ್ದನ್ನು ಉಗುರಿನಿಂದ ಕೆರೆಯಬಹುದಿತ್ತು, ಅಷ್ಟೇ.

ಇದ್ದದ್ದನ್ನೇ ಸೋಡಾ ಹಾಕಿ ಕುದಿಸಿದೆ. ಎಣ್ಣೆಯ ಆಮ್ಲಕ್ಕೆ ಸೋಡಾ ಬಿದ್ದರೆ ಗ್ಯಾಸು ಎದ್ದು ಉಕ್ಕುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಅವಸರಕ್ಕೆ ಬುಡಬುಡನೆ ಸುರಿದೆ. ಕಡಾಯಿಯಿಂದ ಅರ್ಧ ಉಕ್ಕಿ ಒಲೆ ಆರಿಸಿತು. ಉಳಿದರ್ಧವನ್ನು ಅಚ್ಚಿಗೆ ಸುರಿದು, ಬಿಸಿಲಿಗೆ ಒಣಗಿಸಿ, ತಿರುವಿ ಹಾಕಿ, ಮತ್ತೆ ಒಣಗಿಸಿದೆ. ಮೇಲೆ ಒಂದು ಪದರು ಗಟ್ಟಿಯಾಯಿತು. ಬೆರಳಿನಿಂದ ತಟ್ಟಿದರೆ ಸದ್ದು ಬರುತ್ತಿತ್ತು. ಒಳಗೆ ಹೇಗಿದೆ ಎಂದು ಒತ್ತಿ ನೋಡುವ ಧೈರ್ಯ ನನಗಾಗಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಹಿತ್ತಿಲಿನಿಂದ ಕೂಗಿದರು, ಚಂದ್ರಿ ಈದಿದ್ದಾಳೆ, ಹೆಣ್ಣುಗರು ಎಂದು. ನನಗೆ ಸಂತೋಷಪಡಲೂ ಪುರುಸೊತ್ತಿರಲಿಲ್ಲ. ಸಾಬೂನು ಸೆರಗಿನಲ್ಲಿ ಕಟ್ಟಿಕೊಂಡು, ಮಾವನ ತೂತಾದ ಧೋತರವನ್ನೇ ಹಿಡಿದು ಕೆರೆಗೆ ಹೋದೆ. ಮಾವ ಬಂದು ದಂಡೆಯ ಮೇಲೆ ನಿಂತರು. ಓಣಿಯ ಹೆಂಗಸರೆಲ್ಲ ಬಂದರು, ಅವರು ಎಳೆದ ಹಗ್ಗದ ಫಲವಲ್ಲವೇ. ಧೋತರಕ್ಕೆ ತಿಕ್ಕಿದೆ. ಎಂಥ ನೊರೆ ಅಂತೀರಿ, ಪೇಟೆಯ ಸಾಬೂನಿಗೂ ಅಂಥ ನೊರೆ ಬರುತ್ತಿರಲಿಲ್ಲ. ಗಾಣದ ಜಿಡ್ಡು ಹತ್ತಿದ ಧೋತರ ಕಣ್ಣಿಗೆ ಚುಚ್ಚುವಷ್ಟು ಬೆಳ್ಳಗಾಯಿತು. ನಾನು ಗೆದ್ದೆನೆಂದೇ ತಿಳಿದು ಸಾಬೂನನ್ನು ಕಲ್ಲಿನ ಮೇಲಿಟ್ಟು ಧೋತರ ಹಿಂಡತೊಡಗಿದೆ.

ಬಿಸಿಲಿಗೆ ಕಲ್ಲು ಕಾದಿತ್ತು. ಮೇಲಿನ ಪದರು ನೀರಿಗೆ ಕರಗಿಹೋಗಿತ್ತು. ಸಾಬೂನು ಮೊದಲು ಒಂದು ಮಗ್ಗುಲಿಗೆ ವಾಲಿತು, ಆಮೇಲೆ ಹೊಟ್ಟೆ ಬಿಟ್ಟಿತು, ಆಮೇಲೆ ಯಾವ ಗಡಿಬಿಡಿಯೂ ಇಲ್ಲದೆ ಕಲ್ಲಿನಿಂದ ಜಾರಿ ಕೆರೆಗಿಳಿಯಿತು. ಮಾವ ಬೆಳ್ಳಗಾದ ಧೋತರ ನೋಡಿದರು, ಖಾಲಿ ಕಲ್ಲು ನೋಡಿದರು. ಭಾಳ ಚಲೋ ಹೊಲಸು ತೆಗೀತು, ಆದರ ನಿಲ್ಲಲಿಲ್ಲ ನೋಡು ಎಂದರು. ಕೊಟ್ಟ ಮಾತಿನಿಂದ ಹಿಂದೆ ಸರಿಯುವ ಮನುಷ್ಯ ಅವರಲ್ಲ, ಅದು ನನ್ನ ಕಡೆಗಾಗಲಿ ಎಮ್ಮೆಯ ಕಡೆಗಾಗಲಿ. ದ್ಯಾಮವ್ವ ಮಾತ್ರ, ವಾಟಗದ ಬಟ್ಟಲಿನಲ್ಲಿ ಹಾಕಿ ಕೊಟ್ಟರೂ ನಾನು ಒಯ್ಯುತ್ತೇನೆ, ಗಟ್ಟಿ ಯಾಕೆ ಬೇಕು, ಕಡಿದು ತಿನ್ನುವುದೇನಿದೆ ಎಂದಳು. ಆಗ ಆ ಮಾತು ನನಗೆ ಗಾಯದ ಮೇಲೆ ಖಾರ ಅರೆದಂತಾಯಿತು.

ಮನೆಗೆ ಬಂದರೆ ಅತ್ತೆ ಆಗಲೇ ಕೋಲಿಯ ಒಳಗೆ ಗೂಟ ಹುಗಿಸಿ ಹುಲ್ಲು ಹಾಸಿದ್ದರು. ಚಂದ್ರಿ ನನ್ನ ಕಡಾಯಿಯ ಪಕ್ಕದಲ್ಲಿ ನಿಂತು ಕರು ನೆಕ್ಕುತ್ತಿದ್ದಳು. ನನ್ನ ಗಾಜಿನ ನಳಿಕೆಗಳು, ಔಡಲದ ಕಲ್ಲು ಎಲ್ಲ ಎಮ್ಮೆಯ ಬಾಯಿಗೆ ನಿಲುಕದಂತೆ ಗೋಡೆಯ ಮೇಲಿನ ಮಾಡದ ಗೂಡಿನಲ್ಲಿದ್ದವು. ಅದನ್ನು ನೋಡುವ ಸಮಾಧಾನವೂ ನನಗಿರಲಿಲ್ಲ. ಬಂದಂದಿನಿಂದ ನುಂಗಿಕೊಂಡದ್ದೆಲ್ಲ ಒಮ್ಮೆಲೆ ಬಾಯಿಗೆ ಬಂತು. ಅತ್ತೆಯ ಮುಂದೆ ಎಂದೂ ಏರಿಸದ ದನಿ ಏರಿಸಿ, "ಆತಲ್ರಿ ಅತ್ತಿ, ನಿಮ್ಮ ಎಮ್ಮಿ ಗೆದ್ದತಲ್ರಿ. ಇನ್ನ ನಾ ಟ್ರಂಕಿಗೆ ಕೀಲಿ ಹಾಕಿ ಕುಂದರ್ತೀನಿ" ಎಂದೆ.

ಅತ್ತೆ ಕರುವಿನ ಮೈ ಒರೆಸುತ್ತಿದ್ದ ಅರಿವೆಯನ್ನು ಹೆಗಲಿಗೆ ಹಾಕಿಕೊಂಡರು. ಸಿಟ್ಟಾಗುತ್ತಾರೆ ಎಂದುಕೊಂಡೆ, ಆಗಲಿಲ್ಲ. ಸಗಣಿ ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆ ನೂಕಿದರು.

"ಎಮ್ಮಿ ಮುಂಜಾನಿ ಮೇಯಾಕ ಹೋದ್ರ ಸಂಜಿಗೆ ಬರ್ತೈತಿ. ನಡುವ ಅದೇನ್ ಇಲ್ಲಿ ಕುಂತು ಬಿ.ಎಸ್ಸಿ. ಓದ್ತೈತೇನಬೇ? ಸಗಣಿ ಬಳಕೊಂಡು ನಿನ್ನ ಒಲಿ ಹಚ್ಚಿಕೋ."